ಓಟ ಬಿಟ್ಟು ಸೈಕಲ್ ಹತ್ತಿದ ನಕಾನೊ

ಜಪಾನಿನ ಕುರುಮೆ ಊರಿನ ಕೊಯಿಚಿ ನಕಾನೊ ಹೈಸ್ಕೂಲಿನಲ್ಲಿ ಓಟಗಾರ. ಅವರಿದ್ದ ತಂಡ ರಾಷ್ಟ್ರಮಟ್ಟದ ಶಾಲಾ ಕೂಟದಲ್ಲಿ 400 ಮೀಟರ್ ರಿಲೇ ಗೆದ್ದಿತ್ತು. ಅಷ್ಟರಲ್ಲಿ ತೊಡೆಯ ಸ್ನಾಯು ಕೈಕೊಟ್ಟಿತು. ಓಟ ನಿಂತಿತು. ಆದರೆ ಮನೆಯಲ್ಲೇ ಇನ್ನೊಂದು ದಾರಿಯಿತ್ತು. ಅಪ್ಪ ಕೆಯ್ರಿನ್ ಸವಾರರು.

ಕೆಯ್ರಿನ್ ಅಂದರೆ ಜನ ಬಾಜಿ ಕಟ್ಟಿ ನೋಡುವ ಸೈಕಲ್ ಪಂದ್ಯ. ನಮ್ಮ ಬೆಂಗಳೂರಿನ ಕುದುರೆ ರೇಸಿನಲ್ಲಿ ಕುದುರೆಯ ಜಾಗಕ್ಕೆ ಮನುಷ್ಯನ ಕಾಲು ಬಂದಂತೆ. ಎರಡನೇ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ನಗರಗಳನ್ನು ಮತ್ತೆ ಕಟ್ಟಲು ಹಣ ಬೇಕಿತ್ತು. ಅದಕ್ಕೆಂದೇ 1948ರಲ್ಲಿ ಕೊಕುರಾ ನಗರದಲ್ಲಿ ಮೊದಲ ಪಂದ್ಯ ನಡೆಯಿತು. ಸಾಮಾನ್ಯವಾಗಿ ಒಂಬತ್ತು ಸವಾರರು, ಇಳಿಜಾರಿನ ಅಂಚುಳ್ಳ ಟ್ರ್ಯಾಕು. ಸೈಕಲ್ಲಿಗೆ ಬ್ರೇಕಿಲ್ಲ, ಗೇರಿಲ್ಲ, ಫ್ರೀವೀಲೂ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಕೊನೆಯ ಒಂದೂವರೆ ಸುತ್ತು ಉಳಿದಾಗ ಗಂಟೆ ಬಾರಿಸುತ್ತಾರೆ, ಬಡಿತ ಬರಬರುತ್ತ ಚುರುಕಾಗುತ್ತದೆ. ಅಲ್ಲಿಂದ ಮೊಣಕೈ, ಭುಜ, ತಲೆಯನ್ನೂ ಬಿಡದೆ ಜಾಗಕ್ಕಾಗಿ ತಿಕ್ಕಾಟ. ಮೋಸ ನಡೆಯದಿರಲೆಂದು ಪಂದ್ಯದ ದಿನಗಳಲ್ಲಿ ಸವಾರರನ್ನು ಹೊರಗಿನವರ ಸಂಪರ್ಕವಿಲ್ಲದೆ ವಸತಿಯಲ್ಲೇ ಇಡುತ್ತಾರೆ, ಫೋನನ್ನೂ ಒಪ್ಪಿಸಬೇಕು.

ಈ ಕಸುಬಿಗೆ ಇಳಿಯಲು ಇಜು ಪ್ರದೇಶದ ಶುಜೆಂಜಿಯ ತರಬೇತಿ ಶಾಲೆಯನ್ನು ದಾಟಿಬರಬೇಕು. ಆ ಶಾಲೆ ಸೈಕಲ್ ಪಂದ್ಯವಾಡಿ ಗೊತ್ತಿಲ್ಲದವರಿಗೂ ಬಾಗಿಲು ತೆರೆದಿಟ್ಟಿತ್ತು. ನಿಂತಲ್ಲಿಂದ ಎಷ್ಟು ಎತ್ತರ ನೆಗೆಯುತ್ತೀಯ, ಬೆನ್ನಿನಲ್ಲಿ ಎಷ್ಟು ಬಲವಿದೆ ಎಂದು ಅಳೆದು ಆರಿಸುವ ಪರೀಕ್ಷೆಯೂ ಅಲ್ಲಿತ್ತು. ಓಟಗಾರರು, ಹರ್ಡಲ್ಸ್‌ನವರು, ಸ್ಕೇಟರ್‌ಗಳು ಇತ್ತ ತಿರುಗುವುದರಲ್ಲಿ ಅಚ್ಚರಿಯಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ತೊಡೆಯ ಹಿಂಭಾಗ ಜಗ್ಗಿ, ನೆಲದ ಏಟನ್ನೂ ತಿನ್ನುತ್ತದೆ. ಪೆಡಲ್ ತುಳಿಯುವಾಗ ಆ ಏಟಿಲ್ಲ, ಬಲ ಮಾತ್ರ ಬೇಕು.

1975ರಲ್ಲಿ ವೃತ್ತಿಗಿಳಿದ ನಕಾನೊ ಎರಡೇ ವರ್ಷಕ್ಕೆ ವೆನೆಜುವೆಲಾದಲ್ಲಿ ವೃತ್ತಿಪರರ ಸ್ಪ್ರಿಂಟ್ ವಿಶ್ವ ಚಾಂಪಿಯನ್ ಆದರು. ಫೈನಲ್‌ನಲ್ಲಿ ಎದುರಾಳಿಯೂ ಜಪಾನಿನವರೇ, ಯೋಶಿಕಾಜು ಸುಗತಾ. ಹಿಂದಿನ ಎರಡು ವರ್ಷ ಗೆದ್ದಿದ್ದ ಆಸ್ಟ್ರೇಲಿಯಾದ ಜಾನ್ ನಿಕೋಲ್ಸನ್ ಮೂರನೆಯವರು. ಸ್ಪ್ರಿಂಟ್ ವಿಚಿತ್ರ ಆಟ. ಇಬ್ಬರೇ ಸವಾರರು ಬೆಕ್ಕಿನ ಹೆಜ್ಜೆಯಲ್ಲಿ ಒಬ್ಬರನ್ನೊಬ್ಬರು ಕಾಯುತ್ತ ಸಾಗಿ, ಕೊನೆಯ 200 ಮೀಟರ್ ಹೊತ್ತಿಗೆ ಸಿಡಿಯುತ್ತಾರೆ. ಹಿಂದೆ ಉಳಿದಂತೆ ಕಂಡು ಕೊನೆಗೆ ಮುಂದೆ ಬರುವುದೇ ನಕಾನೊ ಪಟ್ಟು.

ಆಮೇಲೆ ಆ ಪಟ್ಟ ಕೈಬಿಡಲಿಲ್ಲ. ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್, ಬೆಸಾನ್ಸೋನ್, ಬ್ರನೊ... 1982ರಲ್ಲಿ ಲೆಸ್ಟರ್‌ನ ಫೈನಲ್ ಮಾತ್ರ ಕೆನಡಾದ ಗಾರ್ಡನ್ ಸಿಂಗಲ್ಟನ್ ಜೊತೆಗಿನ ಬೀಳಾಟದಿಂದಾಗಿ ಇವತ್ತಿಗೂ ವಿವಾದ. 1986ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಹತ್ತನೆಯ ಪಟ್ಟ, ಸತತವಾಗಿ.

ತಾಯ್ನಾಡಿನಲ್ಲಿ ಗಳಿಕೆಯೂ ಸಣ್ಣದಲ್ಲ: 1980ರಲ್ಲಿ ವರ್ಷಕ್ಕೆ 10 ಕೋಟಿ ಯೆನ್ ಬಹುಮಾನ ದಾಟಿದರು, ಜಪಾನಿನ ವೃತ್ತಿಪರ ಕ್ರೀಡಾಪಟುಗಳಲ್ಲೇ ಮೊದಲಿಗರಾಗಿ. ಆದರೆ ಒಲಿಂಪಿಕ್ ಪದಕ ಹುಡುಕಬೇಡಿ. ಆಗ ವೃತ್ತಿಪರ ಸೈಕಲ್ ಸವಾರರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಆ ಬಾಗಿಲು ತೆರೆದದ್ದು 1996ರ ಅಟ್ಲಾಂಟಾದಲ್ಲಿ. 666 ಗೆಲುವುಗಳೊಂದಿಗೆ ನಕಾನೊ 1992ರಲ್ಲೇ ಸೈಕಲ್ ಇಳಿದಿದ್ದರು.

ಬೇರೆ ಆಟದಿಂದ ಬರುವವರ ಸಾಲು ನಿಂತಿಲ್ಲ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್ ಮಾಡಿದ್ದ ತೊಯೊಕಿ ತಕೇದಾ ಮರುವರ್ಷ ಕೆಯ್ರಿನ್‌ಗೆ ಬಂದರು. 2014ರ ಕೊನೆಯಲ್ಲಿ, 40ರ ಪ್ರಾಯದಲ್ಲಿ, ವರ್ಷದ ಅತಿ ದೊಡ್ಡ ಪಂದ್ಯವಾದ ಕೆಯ್ರಿನ್ ಗ್ರ್ಯಾಂಡ್ ಪ್ರಿ ಗೆದ್ದರು.