ಹುಣ್ಣಿಮೆಯ ಮೋಹ

ಗಾಂಧಿನಗರದ ನಮ್ಮ ಮನೆಯ ತಾರಸಿಯ ಮೇಲೊಂದು ಸಣ್ಣ ದೂರದರ್ಶಕವಿದೆಯೆಂಬುದು ಬೀದಿಗೆಲ್ಲ ತಿಳಿದಂದಿನಿಂದ, ಚಂದ್ರನನ್ನು ಹತ್ತಿರದಿಂದ ನೋಡಬೇಕೆಂಬ ಹಂಬಲದವರು ಮಕ್ಕಳುಮರಿಗಳೊಡನೆ ಮೆಟ್ಟಿಲೇರಿ ಬರುವುದು ವಾಡಿಕೆಯಾಗಿಬಿಟ್ಟಿದೆ; ಆದರೆ ಅವರು ಬರುವುದು ತಪ್ಪದೆ ಹುಣ್ಣಿಮೆಯಂದು. ಅಷ್ಟಮಿಯ ಸಂಜೆ ಬನ್ನಿರೆಂದರೆ, ಅರ್ಧ ಊಟಕ್ಕೆ ಕರೆದವನನ್ನು ನೋಡುವಂತೆ ನನ್ನನ್ನು ನೋಡಿ, “ಪೂರ್ತಿ ಚಂದ್ರ ಬರಲಿ ಬಿಡಿ ಸ್ವಾಮಿ, ಆವಾಗ್ಲೇ ಎಲ್ಲಾ ಕಾಣೋದು” ಎನ್ನುತ್ತಾರೆ. ಇಷ್ಟು ಯುಕ್ತಿಯುಕ್ತವಾಗಿ ತೋರುತ್ತ ಇಷ್ಟು ಸಮಗ್ರವಾಗಿ ತಪ್ಪಾಗಿರುವ ನಂಬಿಕೆ ಇನ್ನೊಂದನ್ನು ನಾನು ಕಾಣೆ.

ಹುಣ್ಣಿಮೆಯಂದು ಸೂರ್ಯನು ನಮ್ಮ ಬೆನ್ನ ಹಿಂದಿನಿಂದ ಚಂದ್ರನ ಮೇಲೆ ನೇರವಾಗಿ ಬೆಳಕು ಚೆಲ್ಲುವುದರಿಂದ ಅಲ್ಲಿನ ಬೆಟ್ಟಗಳ ನೆರಳು ಬೆಟ್ಟಗಳ ಹಿಂದೆಯೇ ಅಡಗಿಕೊಳ್ಳುತ್ತದೆ. ನೆರಳಿಲ್ಲದೆಡೆಯಲ್ಲಿ ಕಣ್ಣಿಗೆ ಎತ್ತರ ತಗ್ಗುಗಳ ಅರಿವೆಲ್ಲಿಯದು? ಬಸವನಗುಡಿಯ ಬ್ಯೂಗಲ್ ರಾಕ್ ನಡುಹಗಲಿನಲ್ಲಿ ನೋಡಿದವನಿಗೆ ಬರಿಯ ಬೋಳುಬಂಡೆ. ಇಳಿಬಿಸಿಲಿನಲ್ಲಿ ನೋಡಿದವನಿಗೆ ಅದರ ಒಂದೊಂದು ಬಿರುಕೂ ಗುಳಿಯೂ ಮಸಿಯಿಂದ ಬರೆದಂತೆ ಎದ್ದು ತೋರುವುದು. ಚಂದ್ರನಲ್ಲಿಯೂ ಇಂತಹ ಓರೆಬಿಸಿಲು ಬೀಳುವ ತಾಣವುಂಟು. ಅದೇ ಬೆಳಕು ಕತ್ತಲೆಗಳ ಸಂಧಿರೇಖೆ. ಶುಕ್ಲಪಕ್ಷದ ಅಷ್ಟಮಿಯ ಸಂಜೆ ಆ ರೇಖೆಯ ಗುಂಟ ಕಣ್ಣು ನಡೆಸಿದರೆ, ಬಿಂಬದ ನಡುವೆ ಟಾಲೆಮಿ, ಆಲ್ಫೋನ್ಸಸ್, ಅರ್ಜಾಕೆಲ್ ಎಂಬ ಮೂರು ಮಹಾಕುಳಿಗಳು, ಮೊದಲನೆಯದು ಸುಮಾರು 150 ಕಿ.ಮೀ. ಅಗಲದ್ದು, ಕತ್ತಲು ತುಂಬಿದ ಬೋಗುಣಿಗಳಂತೆ ಸಾಲಾಗಿ ಕಾಣುವುವು. ಉತ್ತರಕ್ಕೆ ಅಪೆನೈನ್ ಪರ್ವತಶ್ರೇಣಿ ಚಾಚಿರುವುದು. ಎರಡು ದಿನ ಕಳೆದರೆ 93 ಕಿ.ಮೀ. ಅಗಲದ ಕೊಪರ್ನಿಕಸ್ ಕುಳಿಯ ಸರದಿ. ಚಂದ್ರನ ಸಮಭಾಜಕದಲ್ಲಿ ಈ ರೇಖೆ ಗಂಟೆಗೆ ಸುಮಾರು 15 ಕಿ.ಮೀ., ಎಂದರೆ ಅವಸರವಿಲ್ಲದ ಸೈಕಲ್ ಸವಾರನ ವೇಗದಲ್ಲಿ, ಸಾಗುವುದರಿಂದ, ತಾಳ್ಮೆಯಿಂದ ಒಂದು ಗಂಟೆ ಕುಳಿತವನಿಗೆ ಕತ್ತಲೊಳಗಿನ ಶಿಖರವೊಂದು ಕಿಡಿಯಂತೆ ಹೊತ್ತಿಕೊಳ್ಳುವುದೂ ಕಂಡೀತು. ಅರ್ಧಚಂದ್ರನ ಬೆಳಕು ಪೂರ್ಣಚಂದ್ರನದರ ಅರ್ಧವಿರದೆ ಹತ್ತನೆಯ ಒಂದು ಪಾಲಿನಷ್ಟೇ ಇರುವುದಕ್ಕೂ ಈ ನೆರಳುಗಳೇ ಬಹುಮಟ್ಟಿಗೆ ಕಾರಣ. ಹುಣ್ಣಿಮೆಗೆ ಸಲ್ಲಬೇಕಾದ ಮರ್ಯಾದೆಯನ್ನೂ ಸಲ್ಲಿಸಿಬಿಡುತ್ತೇನೆ: ಟೈಕೋ ಕುಳಿಯಿಂದ ದಿಕ್ಕುದಿಕ್ಕಿಗೆ ಹರಡಿರುವ ಬಿಳಿಯ ಕಿರಣಗಳು ಅಂದೇ ಚೆನ್ನಾಗಿ ಕಾಣುವುವು.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿದದ್ದೂ ಹುಣ್ಣಿಮೆಯಂದಲ್ಲ, ಶ್ರಾವಣ ಶುದ್ಧ ಸಪ್ತಮಿಯ ಸಂಜೆ, ಆ ತಾಣದಲ್ಲಿ ಬೆಳಗು ಮೂಡಿದ ಸ್ವಲ್ಪದರಲ್ಲೇ. ಆ ವಾರ ತಾರಸಿಗೆ ಬಂದವರೆಲ್ಲ ವಿಕ್ರಮನನ್ನೇ ತೋರಿಸೆಂದರು, ಒಂದೆರಡು ಕಿ.ಮೀ.ಗಿಂತ ಕಿರಿದಾದುದನ್ನು ಕಾಣಲಾರದ ಈ ಬಡ ದೂರದರ್ಶಕಕ್ಕೆ ಒಂದೆರಡು ಮೀಟರಿನ ಯಂತ್ರ ಕಾಣುವುದೆಂತು! ಚಂದ್ರನನ್ನು ನೋಡಲು ಊರಾಚೆಯ ನಂದಿಬೆಟ್ಟಕ್ಕೇ ಹೋಗಬೇಕೆಂಬುದೂ ಭ್ರಮೆ. ಮೆಜೆಸ್ಟಿಕ್ಕಿನ ದೀಪಗಳಿಗೆ ನಕ್ಷತ್ರಗಳು ಅಳಿಯುವುವೇ ಹೊರತು ಚಂದ್ರನಲ್ಲ. ಅವನ ಹಿಂಬದಿ ನಿತ್ಯಾಂಧಕಾರವೂ ಅಲ್ಲ; ಅಲ್ಲಿಯೂ ಇಲ್ಲಿಯಷ್ಟೇ ಬಿಸಿಲು.

ನೋಡದೆ ನಂಬುವುದು ನಮ್ಮವರಿಗೆ ಅದೆಷ್ಟು ಹಗುರ! ಮಂಗಳಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುವುದೆಂಬ, 2003ರಲ್ಲಿ ಹುಟ್ಟಿದ ಸುಳ್ಳನ್ನು ಮತ್ತೆ ಮತ್ತೆ ಆಗಸ್ಟಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ದಾಟಿಸುವವರೇ, ಕತ್ತೆತ್ತಿ ನೋಡಿದರೆ ತೀರುವ ಸಂಶಯವನ್ನು ತೀರಿಸಿಕೊಳ್ಳಲೊಲ್ಲರು. ಇನ್ನು ಭಾದ್ರಪದದ ಚೌತಿಯಂದು ಚಂದ್ರನನ್ನು ಕಂಡರೆ ದೋಷವೆಂದು ಕಿಟಕಿಗಳನ್ನೇ ಮುಚ್ಚುವರು. ಶಮಂತಕೋಪಾಖ್ಯಾನವನ್ನು ಕೇಳಿ ಅಕ್ಷತೆಯನ್ನು ತಲೆಗೆ ಹಾಕಿಕೊಂಡವರಿಗೆ ದೋಷವಿಲ್ಲವೆಂದು ಆ ಸಂಪ್ರದಾಯವೇ ವಿನಾಯಿತಿ ಕೊಟ್ಟಿರುವಾಗ ಈ ಭಯವೇಕೋ! ಲಾಂಗ್ರೆನಸ್, ಪೆಟೇವಿಯಸ್ ಎಂಬ ಕುಳಿಗಳು ಓರೆಬಿಸಿಲಿನಲ್ಲಿ ಕಣ್ತುಂಬ ಕಾಣುವುದೂ, ಬಿಂಬದ ಕತ್ತಲ ಭಾಗವು ಭೂಮಿಯಿಂದ ಮರಳಿದ ಬೆಳಕಿನಲ್ಲಿ ಮಂಕಾಗಿ ಹೊಳೆಯುವುದೂ ಆ ಎಳೆಚಂದ್ರನಲ್ಲಿಯೇ. ಮೋಡವಿಲ್ಲದಿದ್ದರೆ ಈ ಸಲ ಚೌತಿಯಂದು ನಮ್ಮ ತಾರಸಿಯ ಬಾಗಿಲು ತೆರೆದಿರುತ್ತದೆ. ಕಡುಬು ತಿಂದು ಏಳಕ್ಕೆಲ್ಲ ಬಂದುಬಿಡಿ, ಒಂಬತ್ತರ ಹೊತ್ತಿಗೆ ಚಂದ್ರ ಮುಳುಗಿಬಿಡುತ್ತಾನೆ.