ಕಾಪಿ ಮಾಡಿಲ್ಲವಲ್ಲ, ಮತ್ತೇನು ತಕರಾರು?

ಬೇರೆಯವರ ಜಾಲತಾಣದಲ್ಲಿರುವ ಫೋಟೊವನ್ನೋ ಆಡಿಯೊವನ್ನೋ ತಮ್ಮ ಪುಟದಲ್ಲಿ ಕಾಣಿಸಿದವರನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: 'ನಾನು ಕಾಪಿ ಮಾಡಿಲ್ಲ, ಲಿಂಕ್ ಹಾಕಿದ್ದೇನೆ ಅಷ್ಟೆ.' ಹಾಟ್‌ಲಿಂಕಿಂಗ್ ಎನ್ನುವ ಈ ಅಭ್ಯಾಸಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಇಲ್ಲ, ಅದರಲ್ಲಿ ಸುಳ್ಳೂ ಇಲ್ಲ. ತಪ್ಪಿರುವುದು ಅದರಿಂದ ತೆಗೆಯುವ ತೀರ್ಮಾನದಲ್ಲಿ. ಕಾಪಿ ಆಗದಿದ್ದರೆ ಯಾರಿಗೂ ನಷ್ಟವಿಲ್ಲ ಎಂದುಕೊಳ್ಳುತ್ತೇವೆ. ಕಾಪಿ ಆಗದೆ ಇರುವುದರಿಂದಲೇ ಇಲ್ಲಿ ನಷ್ಟ ಶುರುವಾಗುವುದು. 1993ರಲ್ಲಿ ಬ್ರೌಸರ್ ರೂಪಿಸುತ್ತಿದ್ದ ಮಾರ್ಕ್ ಆಂಡ್ರೀಸೆನ್ ವೆಬ್ ಪುಟದೊಳಗೆ ಚಿತ್ರ ಕೂರಿಸಲು ಒಂದು ಟ್ಯಾಗ್ ಸೂಚಿಸಿದಾಗ ಅದಕ್ಕೆ ಬೇಕಾಗಿದ್ದದ್ದು ಚಿತ್ರದ ವಿಳಾಸ ಮಾತ್ರ. ಆ ವಿಳಾಸ ನಿಮ್ಮ ಸರ್ವರಿನದೋ ಪರರದೋ ಎಂದು ಬ್ರೌಸರ್ ಇವತ್ತಿಗೂ ವಿಚಾರಿಸುವುದಿಲ್ಲ. ಓದುಗರು ನಿಮ್ಮ ಪುಟ ತೆರೆದಾಗ ಬರಹ ನಿಮ್ಮಲ್ಲಿಂದ ಹೋಗುತ್ತದೆ. ಚಿತ್ರಕ್ಕಾಗಿ ಅವರ ಬ್ರೌಸರ್ ನೇರವಾಗಿ ಇನ್ನೊಬ್ಬರ ಸರ್ವರನ್ನು ಕೇಳುತ್ತದೆ. 2 ಎಂಬಿಯ ಒಂದು ಫೋಟೊ, ಲೇಖನಕ್ಕೆ 50,000 ಓದುಗರು ಎಂದಿಟ್ಟುಕೊಳ್ಳಿ. ಸುಮಾರು 100 ಜಿಬಿ ಆ ಇನ್ನೊಬ್ಬರ ಲೆಕ್ಕದಲ್ಲಿ ಖರ್ಚಾಯಿತು. ಓದುಗರು ನಿಮ್ಮವರು, ಜಾಹೀರಾತಿನ ಆದಾಯವಿದ್ದರೆ ಅದೂ ನಿಮ್ಮದೇ, ಹೋಸ್ಟಿಂಗ್ ಬಿಲ್ಲು ಮಾತ್ರ ಅವರದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಈಗ ಬ್ಯಾಂಡ್‌ವಿಡ್ತ್ ಅಗ್ಗ, ಇದೆಲ್ಲ ಹಳೇ ಕಾಲದ ಗೊಣಗಾಟ ಎನ್ನುವವರಿದ್ದಾರೆ. ಅಗ್ಗವಾಗಿರುವುದು ನಿಜ. ಆದರೆ ಎಷ್ಟೇ ಅಗ್ಗವಾದರೂ ಎಷ್ಟು ಸಲ ಎಂಬುದರ ಮೇಲೆ ಲೆಕ್ಕ ನಿಲ್ಲುತ್ತದೆ. 2021ರ ಫೆಬ್ರುವರಿಯಲ್ಲಿ, ವಿಕಿಪೀಡಿಯ ನಡೆಸುವ ವಿಕಿಮೀಡಿಯದ ತಂತ್ರಜ್ಞರಿಗೆ ಒಂದು ವಿಚಿತ್ರ ಕಂಡಿತು. ಅವರ ಮುಕ್ತ ಚಿತ್ರಭಂಡಾರವಾದ ಕಾಮನ್ಸ್‌ನಲ್ಲಿದ್ದ ನೇರಳೆ ಬಣ್ಣದ ಆ್ಯಸ್ಟರ್ ಹೂವಿನ ಒಂದೇ ಒಂದು ಫೋಟೊಗೆ ದಿನಕ್ಕೆ ಸುಮಾರು 9 ಕೋಟಿ ಕೋರಿಕೆಗಳು ಬರುತ್ತಿದ್ದವು. ಸಿಂಗಪುರದ ಅವರ ಡೇಟಾ ಕೇಂದ್ರ ಚಿತ್ರಗಳಿಗಾಗಿ ಪಡೆಯುತ್ತಿದ್ದ ಕೋರಿಕೆಗಳಲ್ಲಿ ಐದನೇ ಒಂದು ಭಾಗ ಈ ಹೂವೊಂದಕ್ಕೇ! ಎಲ್ಲವೂ ಭಾರತದ ಬೇರೆಬೇರೆ ಇಂಟರ್ನೆಟ್ ಕಂಪನಿಗಳ ಗ್ರಾಹಕರಿಂದ, ದಿನದ ಏರಿಳಿತಕ್ಕೆ ತಕ್ಕಂತೆ. ಕೊನೆಗೆ ಮೂಲ ಸಿಕ್ಕಿದ್ದು ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಒಂದು ಮೊಬೈಲ್ ಆ್ಯಪ್‌ನಲ್ಲಿ. ಅದರ ಕೋಡ್‌ನೊಳಗೆ ಈ ಹೂವಿನ ವಿಳಾಸ ಕೂತಿತ್ತು. ದೇಣಿಗೆಯಿಂದ ನಡೆಯುವ ಸಂಸ್ಥೆಯೊಂದರ ದುಡ್ಡು ಹೀಗೆ ಸೋರುತ್ತಿದ್ದದ್ದು ಆ ಫೋನುಗಳನ್ನು ಹಿಡಿದಿದ್ದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಬೇಡವಾದರೆ ಮಾಲೀಕರೇ ತಡೆಯಲಿ ಎಂಬ ವಾದಕ್ಕೂ ಉತ್ತರವಿದೆ. ಕೋರಿಕೆ ಯಾವ ತಾಣದಿಂದ ಬಂತೆಂದು ಬ್ರೌಸರ್ ಸಾಮಾನ್ಯವಾಗಿ ತಿಳಿಸುತ್ತದೆ, ಅದನ್ನು ನೋಡಿ ಪರರ ಪುಟಗಳನ್ನು ತಡೆಯುವ ಸೌಲಭ್ಯ ಅಪಾಚೆ, ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶಗಳಲ್ಲೂ ಕ್ಲೌಡ್‌ಫ್ಲೇರ್‌ನಂಥ ಸೇವೆಯಲ್ಲೂ ಇದೆ. ಆದರೆ ಆ ಮಾಹಿತಿ ಕಳಿಸಲೇಬೇಕೆಂದೇನಿಲ್ಲ. ಅದು ಇಲ್ಲದ ಕೋರಿಕೆಗಳನ್ನೆಲ್ಲ ತಡೆದರೆ ನಿಜವಾದ ಓದುಗರೂ ಹೊರಗುಳಿಯುತ್ತಾರೆ.

ಇನ್ನು ಕಾನೂನು. ಇಲ್ಲಿ ತಪ್ಪು ಕಲ್ಪನೆ ಎರಡೂ ಕಡೆ ಇದೆ: ಹಾಟ್‌ಲಿಂಕ್ ಎಂದರೆ ನೇರ ಕೃತಿಚೌರ್ಯ ಎಂದು ಒಂದು ಕಡೆ, ಪೂರ್ತಿ ಕಾನೂನುಬದ್ಧ ಎಂದು ಇನ್ನೊಂದು ಕಡೆ. ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2007ರಲ್ಲಿ, ಪರ್ಫೆಕ್ಟ್ 10 ಎಂಬ ನಿಯತಕಾಲಿಕೆಯವರು ಹೂಡಿದ್ದ ಪ್ರಕರಣದಲ್ಲಿ, ಚಿತ್ರದ ಪ್ರತಿ ಯಾರ ಸರ್ವರಿನಲ್ಲಿದೆಯೋ ಅವರೇ ಅದನ್ನು ಪ್ರದರ್ಶಿಸುವವರು ಎಂದು ಗೂಗಲ್ ಪರ ನಿಂತಿತು. 2018ರಲ್ಲಿ ನ್ಯೂಯಾರ್ಕಿನ ಒಂದು ಫೆಡರಲ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2021ರಲ್ಲಿ, ಹಕ್ಕುದಾರರು ಹಾಕಿದ ತಾಂತ್ರಿಕ ತಡೆಯನ್ನು ದಾಟಿ ಚಿತ್ರ ಕೂರಿಸುವುದಕ್ಕೆ ಅನುಮತಿ ಬೇಕು ಎಂದಿತು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಕೊಂಡಿ ಒದಗಿಸುವಾಗ ಆಗುವ ತಾತ್ಕಾಲಿಕ ಶೇಖರಣೆಗೆ ವಿನಾಯಿತಿ ಕೊಡುತ್ತದೆ, ಆದರೆ ಹಕ್ಕುದಾರರು ಸ್ಪಷ್ಟವಾಗಿ ಬೇಡ ಎನ್ನದಿದ್ದರೆ ಮಾತ್ರ. 'ಕಾಪಿ ಮಾಡಿಲ್ಲ' ಎಂಬ ಮಾತು ಕೆಲವು ಕೋರ್ಟುಗಳಲ್ಲಿ ಗೆಲ್ಲಬಹುದು. ಬಿಲ್ಲು ಕಟ್ಟುವವರು ಯಾರೆಂಬ ಪ್ರಶ್ನೆ ಗೆದ್ದ ಮೇಲೂ ಹಾಗೇ ಉಳಿದಿರುತ್ತದೆ.

ಹಾಟ್‌ಲಿಂಕ್ ಮಾಡಿದವರಿಗೂ ಅದು ಅಗ್ಗದ ವ್ಯವಹಾರವಲ್ಲ. ಫೈಲ್ ಅವರ ಕೈಯಲ್ಲಿಲ್ಲ, ಆದ್ದರಿಂದ ಅವರ ಪುಟದಲ್ಲಿ ನಾಳೆ ಏನು ಕಾಣುತ್ತದೆ ಎಂಬುದೂ ಅವರ ಕೈಯಲ್ಲಿಲ್ಲ. 2007ರಲ್ಲಿ ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಹೊಂದಿದ್ದ ಪುಟದ ಚಿತ್ರವೊಂದು ವಿನ್ಯಾಸಕಾರ ಮೈಕ್ ಡೇವಿಡ್‌ಸನ್ ಅವರ ಸರ್ವರಿನಿಂದ ಬರುತ್ತಿತ್ತು. ಡೇವಿಡ್‌ಸನ್ ಯಾರ ಪುಟಕ್ಕೂ ನುಗ್ಗಲಿಲ್ಲ; ತಮ್ಮದೇ ಸರ್ವರಿನ ಚಿತ್ರವನ್ನು ಬದಲಿಸಿದರು ಅಷ್ಟೆ. ಸಲಿಂಗ ವಿವಾಹದ ಬಗ್ಗೆ ತಾನು ನಿಲುವು ಬದಲಿಸಿ ಅದನ್ನು ಪೂರ್ತಿ ಬೆಂಬಲಿಸುತ್ತಿದ್ದೇನೆ ಎಂದು ಮೆಕೇನ್ ಅವರ ಪುಟವೇ ಸಾರತೊಡಗಿತು. ಚೇಷ್ಟೆ ಇರಲಿ, ದುರುದ್ದೇಶವೇ ಇಲ್ಲದೆಯೂ ಕೊಂಡಿ ಸಾಯುತ್ತದೆ. 2017ರಲ್ಲಿ ಚಿತ್ರಗಳನ್ನು ಇಟ್ಟುಕೊಡುವ ತಾಣವಾದ ಫೋಟೊಬಕೆಟ್, ಹೊರಗಿನ ಪುಟಗಳಲ್ಲಿ ಚಿತ್ರ ತೋರಿಸುವ ಸೌಲಭ್ಯಕ್ಕೆ ವರ್ಷಕ್ಕೆ 399.99 ಡಾಲರ್ ಕೇಳಿದಾಗ, ವರ್ಷಗಟ್ಟಲೆ ಜನ ಬರೆದಿಟ್ಟಿದ್ದ ರಿಪೇರಿ ವಿವರಣೆಗಳಿಂದ ಚಿತ್ರಗಳು ಮಾಯವಾಗಿ ಒಂದು ಸೂಚನಾಫಲಕ ಮಾತ್ರ ಉಳಿಯಿತು.

ವೆಬ್ ಎಂದರೇ ಕೊಂಡಿಗಳ ಜಾಲವಲ್ಲವೇ, ಇದನ್ನು ತಪ್ಪೆಂದರೆ ವೆಬ್ಬೇ ತಪ್ಪಲ್ಲವೇ ಎಂದು ಕೇಳಬಹುದು. ಸಾಮಾನ್ಯ ಕೊಂಡಿ ಓದುಗರನ್ನು ಮೂಲದ ಬಳಿಗೆ ಕಳಿಸುತ್ತದೆ. ಹಾಟ್‌ಲಿಂಕ್ ಓದುಗರನ್ನು ಇಲ್ಲೇ ಇಟ್ಟುಕೊಂಡು ವಸ್ತುವನ್ನು ಮಾತ್ರ ತರಿಸಿಕೊಳ್ಳುತ್ತದೆ. ಯೂಟ್ಯೂಬ್ ಎಂಬೆಡ್ ಬೇರೆ ಸಂಗತಿ: ಅದನ್ನು ಕೊಡುವುದು ಯೂಟ್ಯೂಬೇ, ಜಾಹೀರಾತೂ ವೀಕ್ಷಣೆಯ ಲೆಕ್ಕವೂ ವಿಡಿಯೊ ಜೊತೆಗೇ ಬರುತ್ತವೆ. ಹಾಗಾದರೆ ಚಿತ್ರವನ್ನು ಇಳಿಸಿ ನಮ್ಮ ಸರ್ವರಿಗೇ ಹಾಕಿಕೊಂಡರಾಯಿತು ಎಂದುಕೊಳ್ಳುವುದು ಇದೇ ತಪ್ಪಿನ ಇನ್ನೊಂದು ತುದಿ. ಬಿಲ್ಲಿನ ಸಮಸ್ಯೆ ಬಗೆಹರಿಯಿತು, ಕೃತಿಸ್ವಾಮ್ಯದ ಸಮಸ್ಯೆ ಈಗ ನಿಜವಾಗಿಯೂ ಹುಟ್ಟಿತು. ಎಲ್ಲರಿಗೂ ತೆರೆದಿದ್ದ ಫೋಟೊವೊಂದನ್ನು ಇಳಿಸಿ ಜರ್ಮನಿಯ ಶಾಲೆಯೊಂದರ ತಾಣಕ್ಕೆ ಏರಿಸಿದ್ದಕ್ಕೂ ಛಾಯಾಗ್ರಾಹಕನ ಅನುಮತಿ ಬೇಕಿತ್ತೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರಲ್ಲಿ ಹೇಳಿತು. ಕೆಳಗೆ 'ಚಿತ್ರಕೃಪೆ: ಗೂಗಲ್' ಎಂದು ಹಾಕಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ, ಗೂಗಲ್ ಆ ಫೋಟೊ ತೆಗೆದಿಲ್ಲ, ಹಾಗಾಗಿ ಅದು ಕೃಪೆಯೂ ಅಲ್ಲ, ಅನುಮತಿಯೂ ಅಲ್ಲ. ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಪುಟದಲ್ಲೂ ತೆಗೆದವರ ಹೆಸರು ಮತ್ತು ಪರವಾನಗಿಯ ಷರತ್ತು ಇರುತ್ತವೆ. ಆ ಹೆಸರು ಹಾಕಿ, ಷರತ್ತು ಪಾಲಿಸಿ ಚಿತ್ರ ಇಳಿಸಿಕೊಂಡರೆ ಯಾರನ್ನೂ ಕೇಳಬೇಕಾಗಿಲ್ಲ, ಮಿಕ್ಕ ಕಡೆ ಒಂದು ಇಮೇಲ್ ಬರೆದು ಕೇಳಬೇಕು.