ಬೆನ್ನಿಗೊಂದು ಬಾಳುವ ಚೀಲ

ಬೆಳಿಗ್ಗೆ ಕಚೇರಿಗೆ ಬುತ್ತಿ, ಸಂಜೆ ಮನೆಗೆ ತರಕಾರಿ, ರಜೆ ಬಂದರೆ ಊರಿಗೆ ಎರಡು ಜೊತೆ ಬಟ್ಟೆ. ಇವೆಲ್ಲಕ್ಕೂ ಒಂದೇ ಬೆನ್ನುಚೀಲ ಸಾಲದೇ? ಧಾರಾಳವಾಗಿ ಸಾಲುತ್ತದೆ. ಆದರೆ ಎಷ್ಟೋ ಚೀಲಗಳು ವರ್ಷ ತುಂಬುವುದರೊಳಗೆ ಜಿಪ್ ಬಾಯಿಬಿಟ್ಟು, ಪಟ್ಟಿ ಕಿತ್ತು ಮೂಲೆ ಸೇರುತ್ತವೆ, ಅಲ್ಲಿಂದ ತಿಪ್ಪೆಗೆ. ಅವುಗಳ ಪಾಲಿಯೆಸ್ಟರ್ ಬಟ್ಟೆ ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವಂಥದ್ದಲ್ಲ.

ಬಾಳುವ ಚೀಲ ಹೇಗಿರಬೇಕು ಎಂಬುದಕ್ಕೆ ಸ್ವೀಡನ್ನಿನ ‘ಕೋಂಕೆನ್’ ಒಳ್ಳೆಯ ಉದಾಹರಣೆ. 1970ರ ದಶಕದಲ್ಲಿ ಅಲ್ಲಿ ಎಳೆಯರಲ್ಲೂ ಬೆನ್ನುನೋವು ಕಾಣಿಸಿಕೊಳ್ಳುತ್ತಿದೆ, ಒಂದೇ ಹೆಗಲಿಗೆ ನೇತುಬೀಳುವ ಚೀಲವೇ ಅದಕ್ಕೆ ಕಾರಣವೆಂಬ ಮಾತು ಎದ್ದಿತು. ಫ್ಯೆಲ್‌ರೇವನ್ ಸಂಸ್ಥೆಯ ಸ್ಥಾಪಕ ಓಕೆ ನೂರ್ದಿನ್ 1978ರಲ್ಲಿ ಶಾಲಾಮಕ್ಕಳಿಗೆಂದು ಈ ಚೌಕಾಕಾರದ ಚೀಲ ತಂದರು. ಎರಡು ದೊಡ್ಡ ಫೈಲುಗಳು ಹಿಡಿಯುವ ಇದರ ತೂಕ ಕೇವಲ 300 ಗ್ರಾಂ. ಬೆನ್ನಿಗೆ ಒರಗುವ ಮೆತ್ತೆಯನ್ನು ಹೊರತೆಗೆದು ಕುಳಿತುಕೊಳ್ಳಲೂ ಬಳಸಬಹುದು! ಮಕ್ಕಳ ಚೀಲ ಕ್ರಮೇಣ ಕಚೇರಿಗೂ ಪ್ರವಾಸಕ್ಕೂ ಹೊರಟಿತು.

ಇದರ ಬಟ್ಟೆ ವಿನೈಲಾನ್ ಎಂಬ ಕೃತಕ ನೂಲಿನದು. ನೀರು ತಾಗಿದರೆ ನೂಲು ಉಬ್ಬಿ, ನೇಯ್ಗೆಯ ಸಂದು ಮುಚ್ಚುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಬಿಗಿಯಾಗುವುದಿಲ್ಲವೇ, ಹಾಗೆಯೇ. 2016ರಲ್ಲಿ ಇದೇ ಚೀಲದ ಇನ್ನೊಂದು ರೂಪ ಬಂತು: 11 ಪ್ಲಾಸ್ಟಿಕ್ ಬಾಟಲಿಗಳಿಂದ ಒಂದು ಚೀಲ. ಬಾಟಲಿಯನ್ನು ಚೂರು ಮಾಡಿ, ತೊಳೆದು, ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆದರೆ ಪಾಲಿಯೆಸ್ಟರ್ ನೂಲು ಸಿದ್ಧ.

ಹಾಗೆಂದು ಮರುಬಳಕೆಯ ಚೀಟಿ ನೋಡಿಯೇ ಮಾರುಹೋಗಬೇಕಿಲ್ಲ. ಎರಡು ವರ್ಷ ಬಾಳುವ ಚೀಲ ಕೊಂಡವರಿಗೆ 10 ವರ್ಷಕ್ಕೆ ಐದು ಬೇಕು. 10 ವರ್ಷ ಬಾಳುವುದಾದರೆ ಒಂದೇ ಸಾಕು. ಬಟ್ಟೆ ಯಾವುದೇ ಇರಲಿ, ಬಾಳಿಕೆಯೇ ದೊಡ್ಡ ಉಳಿತಾಯ.

ಕೊಳ್ಳುವಾಗ ನೋಡಬೇಕಾದ್ದು ಏನು? ಚೀಲದ ಮೇಲಿನ 600 ಡಿ, 1000 ಡಿ ಎಂಬ ಸಂಖ್ಯೆ ಡೆನಿಯರ್ ಅಳತೆ. ಅಂದರೆ 9000 ಮೀಟರ್ ನೂಲಿನ ತೂಕ ಗ್ರಾಂಗಳಲ್ಲಿ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಪಟ್ಟಿ ಸೇರುವ ಕಡೆ ಹೊಲಿಗೆ ಒತ್ತಾಗಿ, ಅಡ್ಡಡ್ಡ ಬಿದ್ದಿರಬೇಕು. ಪಟ್ಟಿಯ ಅಗಲವೂ ಮುಖ್ಯ. ಅದೇ ಭಾರಕ್ಕೆ 2 ಸೆಂ.ಮೀ. ಪಟ್ಟಿ ಹೆಗಲನ್ನು ಒತ್ತುವುದಕ್ಕಿಂತ 6 ಸೆಂ.ಮೀ. ಪಟ್ಟಿ ಸುಮಾರು ಮೂರನೇ ಒಂದು ಪಾಲಷ್ಟೇ ಒತ್ತುತ್ತದೆ. ಈ ವಿಷಯದಲ್ಲಿ ಕೋಂಕೆನ್ ಕೂಡ ಹಿಂದೆ. ಅದರ ಪಟ್ಟಿ ಕಿರಿದು, ಭಾರೀ ಹೊರೆಗೆ ತಕ್ಕುದಲ್ಲ.

ಎಷ್ಟೇ ಒಳ್ಳೆಯ ಚೀಲವಾದರೂ ಹೊರುವುದು ಬೆನ್ನೇ. ಕರ್ನಾಟಕ ಸರ್ಕಾರದ 2019ರ ಆದೇಶದಂತೆ 1–2ನೇ ತರಗತಿಯ ಮಕ್ಕಳ ಚೀಲ 2 ಕೆ.ಜಿ., 9–10ನೆಯವರದು 5 ಕೆ.ಜಿ. ಮೀರಬಾರದು. ಮಗುವಿನ ತೂಕದ ಶೇ 10 ಎಂಬುದು ಲೆಕ್ಕ: 30 ಕೆ.ಜಿ. ಮಗುವಿಗೆ 3 ಕೆ.ಜಿ. ಖಾಲಿ ಚೀಲವೇ ಒಂದು ಕೆ.ಜಿ. ಇದ್ದರೆ ಪುಸ್ತಕಕ್ಕೆ ಉಳಿಯುವುದೆಷ್ಟು? ಭಾರವಾದದ್ದನ್ನು ಬೆನ್ನಿಗೆ ತಾಗುವಂತೆ ಇಟ್ಟು, ಎರಡೂ ಪಟ್ಟಿ ಹಾಕಿಕೊಂಡರೆ ಮೈ ಮುಂದಕ್ಕೆ ಬಾಗುವುದು ತಪ್ಪುತ್ತದೆ.

ಇನ್ನು ಜಿಪ್ ಕೆಟ್ಟಿತೆಂದು ಚೀಲ ಎಸೆಯುವ ಮುನ್ನ ಒಮ್ಮೆ ನೋಡಿ. ಬಹಳ ಸಲ ಹಲ್ಲುಗಳು ಗಟ್ಟಿಯಾಗಿಯೇ ಇರುತ್ತವೆ, ಸವೆದಿರುವುದು ರನ್ನರ್ ಮಾತ್ರ. ಪೇಟೆಯ ಬ್ಯಾಗ್ ರಿಪೇರಿಯವನ ಬಳಿ ಒಯ್ದರೆ ಕೆಲವೇ ನಿಮಿಷಗಳಲ್ಲಿ ಹೊಸ ರನ್ನರ್ ಹಾಕಿಕೊಡುತ್ತಾನೆ. ಹಳೆಯ ಚೀಲ ಮತ್ತೆ ಹೆಗಲೇರುತ್ತದೆ.